ಗಿಟಾರಿಗೆ ಸ್ಪೇನ್ ಬಣ್ಣ ಬರಬೇಕಾದರೆ

ಪ್ರಶ್ನೆ: ಎ ಮೈನರ್ ಸ್ಕೇಲ್ ಚೆನ್ನಾಗಿ ನುಡಿಸುತ್ತೇನೆ ಸರ್. ಆದರೂ ಸ್ಪೇನಿನ ಫ್ಲಮೆಂಕೋ ಸಂಗೀತದ ಥರ ಕೇಳಿಸುವುದಿಲ್ಲ. ಬೇರೆ ಯಾವ ಸ್ಕೇಲ್ ಕಲಿಯಲಿ?
– ಓದುಗರೊಬ್ಬರು, ಕಡಿಯಾಳಿ, ಉಡುಪಿ

ಉತ್ತರ: ಮೊದಲು ನಿಲ್ಲುವ ಜಾಗ ಬದಲಿಸಿ. ಅವೇ ಸ್ವರಗಳನ್ನು 'ಇ'ಯಿಂದ ಶುರು ಮಾಡಿ, 'ಇ'ಗೇ ಬಂದು ನಿಲ್ಲಿ. ಅದೇ ಫ್ರಿಜಿಯನ್ ಮೋಡ್. 'ಇ' ಪಕ್ಕದಲ್ಲೇ 'ಎಫ್' ಇದೆ ಅಲ್ವಾ, ಆ ಒಂದು ಫ್ರೆಟ್ (ಮೆಟ್ಟಿಲು) ಅಂತರವೇ ಈ ಬಣ್ಣದ ಜೀವ. ನಮ್ಮ ಕರ್ನಾಟಕ ಸಂಗೀತದ ತೋಡಿ ರಾಗದ ಸ್ವರಗಳೂ ಇವೇ. ಬಿಜೈಯ ನನ್ನ ಕ್ಲಾಸಿನಲ್ಲಿ ಕರ್ನಾಟಕ ಸಂಗೀತ ಕಲಿತ ಮಕ್ಕಳಿಗೆ ಇದು ಬೇಗ ಹತ್ತುತ್ತದೆ. ತೋಡಿಯ ಗಮಕ ಮಾತ್ರ ಇಲ್ಲಿ ಬೇಡ.

ಆಮೇಲೆ 'ಜಿ' ಬದಲು 'ಜಿ ಶಾರ್ಪ್' ಹಾಕಿ. ಅದು ಫ್ರಿಜಿಯನ್ ಡಾಮಿನೆಂಟ್, ನಮ್ಮ 14ನೇ ಮೇಳಕರ್ತ ರಾಗ ವಕುಳಾಭರಣ. ಫ್ಲಮೆಂಕೋದವರು ಎರಡೂ ಗಾಂಧಾರ ('ಜಿ', 'ಜಿ ಶಾರ್ಪ್') ಬಳಸುತ್ತಾರೆ.

ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಂಪುಗಳು): ಎ ಮೈನರ್, ಜಿ, ಎಫ್, ಇ. ಕೊನೆಯದು ಇ ಮೇಜರ್ ಆಗಲೇಬೇಕು. ಮೈನರ್ ಹಿಡಿದರೆ ರುಚಿಯೇ ಹೋಗುತ್ತದೆ. 'ಎಫ್'ಗೆ ಸುಮ್ನೆ ಎಲ್ಲ ತಂತಿ ಒತ್ತಬೇಡಿ. ಇ ಮೇಜರ್ ಹಿಡಿತವನ್ನೇ ಒಂದು ಫ್ರೆಟ್ ಮುಂದೆ ಸರಿಸಿ, ತೆಳ್ಳಗಿನ ಎರಡು ತಂತಿ ಖಾಲಿ ಬಿಡಿ. 'ಎಫ್' ಜೊತೆಗೆ 'ಬಿ', 'ಇ' ಸ್ವರಗಳೂ ಮೊಳಗುತ್ತವೆ. ನಿಮಗೆ ಬೇಕಾದ ಧ್ವನಿ ಅದೇ. ನೈಲಾನ್ ತಂತಿಯಾದರೆ ಇನ್ನೂ ಚಂದ.