ಟೀಚರ್ ಕೆಲಸದಿಂದ ಕಂಪನಿ ಟ್ರೈನಿಂಗ್‌ಗೆ

ಒಂಬತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ಎಂಬಿಎ ಇಲ್ಲದೆ ಕಂಪನಿಯ ಟ್ರೈನಿಂಗ್ ವಿಭಾಗಕ್ಕೆ ಹೋಗಬಹುದಾ ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಬಹುದು ಮೇಡಂ. ನಾನು ಬಂದಿದ್ದು ಹೋಟೆಲ್ ರಿಸೆಪ್ಷನ್‌ನಿಂದ! ಹೊಸಬರಿಗೆ ಬಿಲ್ಲಿಂಗ್ ಹೇಳಿಕೊಡುತ್ತಾ ಅದೇ ನನ್ನ ಕೆಲಸವಾಯಿತು.

ಪಾಠ ಮಾಡುವುದು ನಿಮಗೆ ಗೊತ್ತೇ ಇದೆ. ಬದಲಾಗುವುದು ಅಳತೆಗೋಲು. ಶಾಲೆಯಲ್ಲಿ ಅಂಕ ನೋಡುತ್ತೇವೆ, ಇಲ್ಲಿ ಕೆಲಸದಲ್ಲಿ ತಪ್ಪು ಕಡಿಮೆಯಾಯಿತಾ ಅಂತ ಕೇಳುತ್ತಾರೆ. ಟ್ರೈನಿಂಗ್‌ನಿಂದ ಎಷ್ಟು ಉಪಯೋಗವಾಯಿತು ಎಂದು ಅಳೆಯಲು ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆದ ನಾಲ್ಕು ಹಂತಗಳನ್ನು ಮೊದಲು ಓದಿ: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಕಂಪನಿಗೆ ಅದರಿಂದ ಏನಾಯಿತು. ನನ್ನ ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಇದೇ ಮಾತು.

ದುಬಾರಿ ಸರ್ಟಿಫಿಕೇಟಿಗೆ ಸುಮ್ನೆ ದುಡ್ಡು ಸುರಿಯಬೇಡಿ. ನಿಮ್ಮ ಲ್ಯಾಬ್ ಸುರಕ್ಷತೆಯ ಪಾಠವನ್ನೇ ಹತ್ತು ನಿಮಿಷದ ಇ-ಲರ್ನಿಂಗ್ ಮಾಡಿ ತೋರಿಸಿ. ಕಾರ್ಖಾನೆಗಳಿಗೂ ಅದೇ ಬೇಕಲ್ವಾ?