ಟ್ರ್ಯಾಕ್ ಕಾರಿಗೆ ದೊಡ್ಡ ರೇಡಿಯೇಟರ್ ಹಾಕಿಸಿದರೆ ಬಿಸಿ ಕಡಿಮೆಯಾಗುತ್ತದೆಯೇ?

ನೀವು ಕೇಳಿದ್ದು ಇಷ್ಟು: ಊರು ಚಿಕ್ಕಮಗಳೂರು, ಹಳೆಯ 1.3 ಲೀಟರ್ ಮಾರುತಿ ಎಸ್ಟೀಮ್ ಕಾರನ್ನು ರೇಸ್ ಟ್ರ್ಯಾಕ್‌ಗೆಂದೇ ಸಿದ್ಧ ಮಾಡಿಕೊಂಡಿದ್ದೀರಿ. ಕೈಮರದಿಂದ ಗಿರಿ ಹತ್ತಿಸಿದರೂ ಬಿಸಿಯಾಗದ ಕಾರು, ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ನಾಲ್ಕೈದು ಸುತ್ತು ಹೊಡೆಯುವಷ್ಟರಲ್ಲಿ ಮೀಟರಿನ ಮುಳ್ಳನ್ನು ಕೆಂಪು ಗೆರೆಗೆ ತರುತ್ತಿದೆ. ಎರಡು ಪಟ್ಟು ದಪ್ಪದ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿದರೆ ಸರಿಹೋಗುತ್ತದೆಯೇ ಎಂಬುದು ಪ್ರಶ್ನೆ.

ನಾನು ಹಾಸನದಲ್ಲಿ ರೇಡಿಯೇಟರ್ ಕೆಲಸ ಮಾಡುವವನು. ಶಿರಾಡಿ ಘಾಟಿ ಹತ್ತಿಳಿಯುವ ಲಾರಿಗಳದ್ದೇ ಹೆಚ್ಚು ಕೆಲಸ. ನಿಮ್ಮ ಕಡೆಯ ರ‍್ಯಾಲಿ ಹುಡುಗರ ಜಿಪ್ಸಿಗಳೂ ಬರುತ್ತವೆ, ಟ್ರ್ಯಾಕ್‌ಗೆ ಹೋಗುವ ಒಂದೊಂದು ಕಾರೂ ಬರುತ್ತದೆ. ನನ್ನ ಉತ್ತರ ಇದು: ಸದ್ಯಕ್ಕೆ ರೇಡಿಯೇಟರ್ ಆರ್ಡರ್ ಮಾಡಬೇಡಿ. ಈಗಿರುವ ರೇಡಿಯೇಟರಿನ ಹಿಂದೆ ಹೊರಬರುವ ಗಾಳಿ ಎಷ್ಟು ಬಿಸಿಯಿದೆ ಎಂದು ಮೊದಲು ಅಳೆಯಿರಿ. ನಿಮಗೆ ದೊಡ್ಡ ರೇಡಿಯೇಟರ್ ಬೇಕೋ, ನಾಲ್ಕು ತಗಡಿನ ತುಂಡು ಸಾಕೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಊರಲ್ಲಿ ಬಿಸಿಯಾಗದ ಕಾರು ಅಲ್ಲಿ ಯಾಕೆ ಬಿಸಿಯಾಗುತ್ತದೆ ಅಂದರೆ, ರೇಡಿಯೇಟರ್ ಬಿಡುವ ಶಾಖ ನೀರಿನ ಮತ್ತು ಗಾಳಿಯ ಉಷ್ಣತೆಗಳ ನಡುವಿನ ಅಂತರವನ್ನು ನೆಚ್ಚಿಕೊಂಡಿದೆ. ನೀರು 95 ಡಿಗ್ರಿ, ಹೊರಗಿನ ಗಾಳಿ 25 ಡಿಗ್ರಿ ಇದ್ದರೆ ಅಂತರ 70. ಅದೇ ನೀರು, ಗಾಳಿ ಮಾತ್ರ 36 ಆದರೆ ಅಂತರ 59ಕ್ಕೆ ಇಳಿಯಿತು. ಏನೂ ಕೆಡದೆ, ಬರೀ ಹವೆಯಿಂದಲೇ ರೇಡಿಯೇಟರಿನ ಶಕ್ತಿಯಲ್ಲಿ ಆರನೇ ಒಂದು ಪಾಲು ಹೋಯಿತು. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲಿದೆ, ಅಲ್ಲಿನ ಗಾಳಿ ಸುಮಾರು ಹತ್ತನೇ ಒಂದು ಪಾಲು ತೆಳು. ತೆಳು ಗಾಳಿ ರೇಡಿಯೇಟರಿಗೆ ನಷ್ಟವೇ. ಆದರೆ ಎಂಜಿನ್ ಎಳೆದುಕೊಳ್ಳುವುದೂ ಅದೇ ಗಾಳಿಯನ್ನಲ್ಲವೇ, ಅದು ಹುಟ್ಟಿಸುವ ಶಾಖವೂ ಅಷ್ಟೇ ಕಡಿಮೆಯಾಗುತ್ತದೆ. ಕೊಯಮತ್ತೂರಿಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಇಳಿದಾಗ ಎಂಜಿನ್ ಪೂರ್ತಿ ಉಸಿರು ತೆಗೆದುಕೊಂಡು ಪೂರ್ತಿ ಶಾಖ ಹುಟ್ಟಿಸುತ್ತದೆ, ಮೇಲೆ ಹವೆಯೂ ಬಿಸಿ. ಗಿರಿಯ ತಿರುವುಗಳಲ್ಲಿ ನೀವು ಎಷ್ಟೇ ಜೋರಾಗಿ ಓಡಿಸಿದರೂ ಆಕ್ಸಿಲರೇಟರ್ ಪೂರ್ತಿ ಒತ್ತಿರುವ ಹೊತ್ತು ಕಡಿಮೆ. ಕರಿ ಸ್ಪೀಡ್‌ವೇ ಬರೀ 2.1 ಕಿಲೋಮೀಟರ್ ಸುತ್ತು. ಕಾರಿಗೆ ಸುಧಾರಿಸಿಕೊಳ್ಳಲು ಜಾಗವೇ ಇಲ್ಲ.

ಎಷ್ಟು ಶಾಖ ಅಂತ ಅಂದಾಜು ಇರಲಿ. ಪೆಟ್ರೋಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಪಾಲು ಚಕ್ರ ತಿರುಗಿಸುವ ಕ್ರ್ಯಾಂಕಿಗೆ, ಒಂದು ಪಾಲು ಸೈಲೆನ್ಸರಿಗೆ, ಒಂದು ಪಾಲು ನೀರಿಗೆ ಹೋಗುತ್ತದೆ. ನಿಮ್ಮದು ಪೆಟ್ರೋಲನ್ನು ಇಂಜೆಕ್ಟರಿನಿಂದ ಸಿಂಪಡಿಸುವ ಎಂಪಿಎಫ್‌ಐ ಎಂಜಿನ್ ಆಗಿದ್ದರೆ ಕಂಪನಿ ಲೆಕ್ಕಕ್ಕೆ 85 ಅಶ್ವಶಕ್ತಿ, ಅಂದರೆ 63 ಕಿಲೋವ್ಯಾಟ್. ಪೂರ್ತಿ ಒತ್ತಿದಾಗ ನೀರಿಗೂ ಹತ್ತಿರ ಹತ್ತಿರ ಅಷ್ಟೇ ಬೀಳಬಹುದು. ಮನೆಯ 2 ಕಿಲೋವ್ಯಾಟಿನ ಗೀಸರುಗಳನ್ನು ಮೂವತ್ತು ಜೋಡಿಸಿ ಒಟ್ಟಿಗೆ ಹಾಕಿದ ಹಾಗೆ. ಅಷ್ಟನ್ನೂ ಹೊತ್ತುಕೊಂಡು ಹೋಗಬೇಕಾದ್ದು ಬಂಪರಿನ ಕಿಂಡಿಯಿಂದ ನುಗ್ಗುವ ಗಾಳಿ.

ಈಗ ಅಳತೆಗೆ ಬರೋಣ. ಕಾರಿನ ಜೊತೆ ಬಂದ ಮೀಟರನ್ನು ನಂಬಬೇಡಿ. ಎಷ್ಟೋ ಕಾರುಗಳಲ್ಲಿ ಅದು ಒಂದು ದೊಡ್ಡ ಅಂತರದವರೆಗೆ ನಡುವಲ್ಲೇ ನಿಂತಿರುತ್ತದೆ, ಅಲ್ಲಾಡುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ರೇಡಿಯೇಟರಿಗೆ ಬರುವ ಮೇಲಿನ ಹೋಸ್‌ಗೆ ಒಂದು, ವಾಪಸು ಹೋಗುವ ಕೆಳಗಿನ ಹೋಸ್‌ಗೆ ಒಂದು ಸೆನ್ಸರ್ ಹಾಕಿಸಿ. ಹೋಸ್ ಕತ್ತರಿಸಿ ನಡುವೆ ಕೂರಿಸುವ ಅಡಾಪ್ಟರ್ ಸಿಗುತ್ತದೆ. ಗಾಳಿಗೆ ಉಷ್ಣತೆ ಅಳೆಯುವ ಕೆ ಟೈಪ್ ಥರ್ಮೋಕಪಲ್ ತಂತಿ ಸಾಕು, ದುಬಾರಿಯೇನಲ್ಲ. ಒಂದನ್ನು ಕೋರಿನ (ನೀರಿನ ಟ್ಯೂಬುಗಳೂ ಅವುಗಳ ನಡುವಿನ ತೆಳು ತಗಡಿನ ಫಿನ್ನುಗಳೂ ಸೇರಿದ ರೇಡಿಯೇಟರಿನ ನಡುಭಾಗ) ಮುಂದೆ, ಎರಡು ಮೂರನ್ನು ಕೋರಿನ ಹಿಂದೆ ಬೇರೆ ಬೇರೆ ಜಾಗದಲ್ಲಿ, ಲೋಹಕ್ಕೆ ತಾಗದ ಹಾಗೆ ಕಟ್ಟಿ. ಪಕ್ಕದ ಸೀಟಿನಲ್ಲಿ ಮೊಬೈಲ್ ಇಟ್ಟು ಡಿಸ್‌ಪ್ಲೇಯ ವಿಡಿಯೋ ತೆಗೆದರೆ ಆಯಿತು, ಓಡಿಸುವಾಗ ನೀವು ನೋಡುತ್ತಾ ಕೂರಬೇಕಿಲ್ಲ. ಮೊಬೈಲನ್ನು ಮಾತ್ರ ಗಟ್ಟಿಯಾಗಿ ಬಿಗಿಯಿರಿ.

ಮೊದಲು ನೀರಿನ ಅಂಕಿ ನೋಡಿ. ಜೋರಾಗಿ ಓಡುವಾಗ ಮೇಲಿನ ಹೋಸ್‌ಗೂ ಕೆಳಗಿನ ಹೋಸ್‌ಗೂ 6ರಿಂದ 10 ಡಿಗ್ರಿ ವ್ಯತ್ಯಾಸ ಇದ್ದರೆ ನೀರು ಸರಿಯಾಗಿ ಹರಿಯುತ್ತಿದೆ. ವ್ಯತ್ಯಾಸ 20 ದಾಟಿದರೆ ನೀರು ನಿಧಾನ ಹರಿಯುತ್ತಿದೆ ಎಂದರ್ಥ. ಆಗ ರೇಡಿಯೇಟರಿನ ಅಳತೆ ಬಿಟ್ಟು ವಾಟರ್ ಪಂಪ್, ಅದರ ಬೆಲ್ಟ್, ನೀರು ಬಿಸಿಯಾದಾಗ ರೇಡಿಯೇಟರಿಗೆ ದಾರಿ ತೆರೆಯುವ ಥರ್ಮೋಸ್ಟಾಟ್ ನೋಡಿ. ಟ್ಯೂಬಿನೊಳಗೆ ಕಿಲುಬು ಕಟ್ಟಿದೆಯೇ ಎಂದೂ ನೋಡಬೇಕು. ಕೆಳಗಿನ ಹೋಸ್ ಹಳತಾಗಿ ಮೆತ್ತಗಾಗಿದ್ದರೆ ಪಂಪಿನ ಎಳೆತಕ್ಕೆ ಒಳಕ್ಕೆ ಚಪ್ಪಟೆಯಾಗುತ್ತದೆ. ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಆಕ್ಸಿಲರೇಟರ್ ಕೊಟ್ಟು ಯಾರಾದರೂ ಅದನ್ನೇ ನೋಡುತ್ತಾ ನಿಂತರೆ ಕಣ್ಣಿಗೇ ಕಾಣುತ್ತದೆ.

ನೀರು ಸರಿಯಿದೆ, ಆದರೂ ಎರಡೂ ಅಂಕಿ ಸುತ್ತಿನಿಂದ ಸುತ್ತಿಗೆ ಏರುತ್ತಲೇ ಇವೆ ಎಂದರೆ ಆಗ ಗಾಳಿಯ ಅಂಕಿ ಮಾತಾಡುತ್ತದೆ. ನೀರು 100 ಡಿಗ್ರಿ ಇರುವಾಗ ಕೋರಿನ ಹಿಂದಿನ ಗಾಳಿ 80, 85 ಇದ್ದರೆ, ಒಳಗೆ ಬಂದ ಅಷ್ಟೂ ಗಾಳಿಯಿಂದ ಈಗಿರುವ ರೇಡಿಯೇಟರ್ ಆಗಲೇ ಪೂರ್ತಿ ಕೆಲಸ ತೆಗೆಸಿದೆ. ಬರುತ್ತಿರುವ ಗಾಳಿಯೇ ಸಾಲದು. ಇಂಥ ಕಾರಿಗೆ ದಪ್ಪ ಕೋರು ಹಾಕಿದರೆ ಗಾಳಿಗೆ ಅಡ್ಡಿ ಹೆಚ್ಚಿ ಇನ್ನೂ ಕಡಿಮೆ ಗಾಳಿ ಬರುತ್ತದೆ. ನೀರು ಜಾಸ್ತಿ ಹಿಡಿಯುವುದರಿಂದ ಒಂದೆರಡು ಸುತ್ತು ತಡವಾಗಿ ಬಿಸಿಯಾದೀತು ಅಷ್ಟೇ. ಅದೇ ಹಿಂದಿನ ಗಾಳಿ 55, 60ರ ಆಸುಪಾಸಿನಲ್ಲಿದ್ದು ನೀರು ಕುದಿಯುವ ಕಡೆಗೆ ಹೋಗುತ್ತಿದ್ದರೆ, ಗಾಳಿ ಬೇಕಾದಷ್ಟು ಬರುತ್ತಿದೆ, ಶಾಖ ದಾಟಿಸುವಷ್ಟು ಕೋರಿಲ್ಲ. ಆಗ ದೊಡ್ಡದು ಹಾಕಿಸಿ, ದುಡ್ಡು ದಂಡವಾಗುವುದಿಲ್ಲ. ಇನ್ನು ಕೋರಿನ ಮುಂದಿನ ಗಾಳಿಯೇ ಹೊರಗಿನ ಹವೆಗಿಂತ ಹತ್ತು ಡಿಗ್ರಿ ಹೆಚ್ಚಿದ್ದರೆ, ಎಂಜಿನ್ ಕಡೆಯ ಬಿಸಿ ಗಾಳಿ ಪಕ್ಕದ ಸಂದಿಯಿಂದ ಸುತ್ತಿಕೊಂಡು ಮತ್ತೆ ಮುಂದಕ್ಕೆ ಬರುತ್ತಿದೆ.

ನನ್ನ ಬಳಿ ಬರುವ ಟ್ರ್ಯಾಕ್ ಕಾರುಗಳಲ್ಲಿ ಹೆಚ್ಚಿನವು ಗಾಳಿ ಸಾಲದವೇ. ಕಾರಣ ಕಣ್ಣೆದುರಿಗೇ ಇರುತ್ತದೆ. ಗಾಳಿಗೆ ಕೋರಿನ ಸಣ್ಣ ಕಿಂಡಿಗಳೊಳಗೆ ನುಸುಳುವುದಕ್ಕಿಂತ ಪಕ್ಕದ ಸಂದಿಯಲ್ಲಿ ಹೋಗುವುದು ಸುಲಭ. ಬಂಪರಿಗೂ ರೇಡಿಯೇಟರಿಗೂ ನಡುವೆ, ಎರಡು ಪಕ್ಕ, ಮೇಲಿನ ಪಟ್ಟಿ, ಕೆಳಗಿನ ಅಡ್ಡಪಟ್ಟಿ, ಎಲ್ಲಿ ಕೈ ಬೆರಳು ಹೋಗುತ್ತದೋ ಅಲ್ಲೆಲ್ಲ ಗಾಳಿ ತಪ್ಪಿಸಿಕೊಳ್ಳುತ್ತದೆ. ಒಂದು ಮಿಲಿಮೀಟರಿನ ಅಲ್ಯೂಮಿನಿಯಂ ತಗಡು ತೆಗೆದುಕೊಳ್ಳಿ, ರಟ್ಟಿನಲ್ಲಿ ಮಾದರಿ ಕತ್ತರಿಸಿ ನೋಡಿ, ಬಂಪರ್ ಕಿಂಡಿಯಿಂದ ಕೋರಿನ ಅಂಚಿನವರೆಗೆ ಪೆಟ್ಟಿಗೆಯ ಹಾಗೆ ಕಟ್ಟಿ ರಿವೆಟ್ ಹೊಡೆಯಿರಿ. ತಗಡು ಕೋರಿಗೆ ನೇರ ತಾಗಬಾರದು, ಉಜ್ಜಿ ಟ್ಯೂಬ್ ತೂತಾಗುತ್ತದೆ. ಅಂಚಿಗೆ ಬಾಗಿಲಿನ ರಬ್ಬರ್ ಬೀಡಿಂಗ್ ಹಾಕಿ. ಹೀಗೆ ಕಟ್ಟಿದ ಮೇಲೆ ಬಂಪರ್ ಕಿಂಡಿ ಕೋರಿನಷ್ಟೇ ದೊಡ್ಡದಿರಬೇಕಾಗಿಲ್ಲ, ಅದರ ಮೂರನೇ ಒಂದು ಪಾಲಿದ್ದರೂ ನಡೆಯುತ್ತದೆ. ಒಳಗೆ ಬಂದ ಗಾಳಿ ಹಿಗ್ಗಿ, ನಿಧಾನವಾಗಿ, ಒತ್ತಡದಿಂದ ಇಡೀ ಕೋರಿನ ಮೇಲೆ ಹರಡಿಕೊಳ್ಳುತ್ತದೆ.

ಒಳಗೆ ಬಂದದ್ದು ಹೊರಗೂ ಹೋಗಬೇಕಲ್ಲ. ಇಲ್ಲಿ ಹುಡುಗರು ಬಾನೆಟ್ಟಿನ ಹಿಂದಿನ ತುದಿಗೆ ವಾಷರ್ ಕೊಟ್ಟು ಗಾಜಿನ ಕಡೆ ಎತ್ತಿ ಬಿಡುತ್ತಾರೆ. ನಿಂತಾಗ ಬಿಸಿ ಏರಿ ಹೋಗುವುದು ಕಂಡು ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಓಡುವಾಗ ಮುಂದಿನ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚಿರುತ್ತದೆ, ಹಾಗಾಗಿ ಗಾಳಿ ಅಲ್ಲಿಂದ ಒಳಗೆ ನುಗ್ಗುತ್ತದೆ, ರೇಡಿಯೇಟರಿನಿಂದ ಬರಬೇಕಾದದ್ದಕ್ಕೆ ಎದುರು ನಿಲ್ಲುತ್ತದೆ. ಕಿಂಡಿ ತೆಗೆಯುವುದಾದರೆ ಬಾನೆಟ್ಟಿನ ಮುಂಭಾಗದಲ್ಲಿ, ರೇಡಿಯೇಟರಿನ ಸ್ವಲ್ಪ ಹಿಂದೆ ತೆಗೆಯಿರಿ. ಕಿಂಡಿಯ ಮುಂದಿನ ಅಂಚಿಗೆ ಅರ್ಧ ಇಂಚಿನ ತುಟಿ ಎಬ್ಬಿಸಿದರೆ ಎಳೆತ ಇನ್ನೂ ಚೆನ್ನಾಗಿರುತ್ತದೆ. ನಂಬಿಕೆ ಬರದಿದ್ದರೆ ಉಣ್ಣೆ ದಾರದ ಗೇಣುದ್ದದ ತುಂಡುಗಳನ್ನು ಬಾನೆಟ್ ಮೇಲೆ ಟೇಪಿನಿಂದ ಅಂಟಿಸಿ, ಟ್ರ್ಯಾಕ್‌ನ ಪ್ರಾಕ್ಟೀಸಿನಲ್ಲಿ ಓಡಿಸಿ ವಿಡಿಯೋ ತೆಗೆಯಿರಿ. ದಾರ ಎತ್ತ ಎಳೆಯುತ್ತದೋ ಗಾಳಿ ಅತ್ತ.

ಎಸಿ ಇನ್ನೂ ಇದ್ದರೆ ರೇಡಿಯೇಟರಿನ ಮುಂದಿರುವ ಅದರ ಕಂಡೆನ್ಸರ್ ಬಿಚ್ಚಿಸಿ, ಅದೂ ಗಾಳಿಗೆ ಅಡ್ಡಿ. ಅದಕ್ಕೂ ಮೊದಲು ಕತ್ತಲಲ್ಲಿ ರೇಡಿಯೇಟರಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದೆ ಕೂತು ನೋಡಿ. ನಿಮ್ಮ ಕಡೆ ಎಸ್ಟೇಟ್ ರಸ್ತೆಗಳ ಕೆಂಪು ಧೂಳು ಫಿನ್ನಿನೊಳಗೆ ಕೂತು, ಮಳೆ ನೀರಿಗೆ ನೆನೆದು, ಬಿಸಿಗೆ ಇಟ್ಟಿಗೆಯಷ್ಟು ಗಟ್ಟಿಯಾಗಿರುತ್ತದೆ. ಮೇಲಿಂದ ನೋಡಿದರೆ ಸ್ವಚ್ಛ, ಬೆಳಕು ಬಿಟ್ಟರೆ ಕೆಳಗಿನ ಅರ್ಧ ಪೂರ್ತಿ ಕಪ್ಪು. ಕಳೆದ ಮಳೆಗಾಲ ಮುಗಿದ ಮೇಲೆ ಒಬ್ಬರು ಹೊಸ ರೇಡಿಯೇಟರ್ ಕೇಳಿಕೊಂಡು ಬಂದಿದ್ದರು. ಟಾರ್ಚ್ ಬಿಟ್ಟು ತೋರಿಸಿ, ಕೋರನ್ನು ಸೋಪಿನ ನೀರಲ್ಲಿ ರಾತ್ರಿಯಿಡೀ ನೆನೆಸಿ, ಎಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲನೆ ನೀರು ಬಿಟ್ಟೆ. ಬಕೆಟ್ಟಿನ ತಳದಲ್ಲಿ ಬೊಗಸೆ ತುಂಬ ಕೆಮ್ಮಣ್ಣು. ಅವರು ಹಳೇ ರೇಡಿಯೇಟರನ್ನೇ ಕಟ್ಟಿಕೊಂಡು ಹೋದರು. ಪ್ರೆಷರ್ ವಾಷರ್ ಮಾತ್ರ ಹತ್ತಿರ ಹಿಡಿಯಬೇಡಿ, ಫಿನ್ ಮಲಗಿದರೆ ಮಣ್ಣಿಗಿಂತ ಕಡೆ.

ಇಷ್ಟೆಲ್ಲ ಆಗಿಯೂ ಕೋರು ಸಾಲದು ಎಂದು ಅಂಕಿ ಹೇಳಿದರೆ, ಮೊದಲು ಅಗಲ ಎತ್ತರ ಹೆಚ್ಚಿಸಲು ಜಾಗವಿದೆಯೇ ನೋಡಿ, ದಪ್ಪ ಆಮೇಲೆ. ಅಗಲ ಹೆಚ್ಚಿದಷ್ಟೂ ಹೊಸ ತಣ್ಣನೆ ಗಾಳಿ ಸಿಗುತ್ತದೆ. ದಪ್ಪ ಹೆಚ್ಚಿಸಿದರೆ ಹಿಂದಿನ ಟ್ಯೂಬಿಗೆ ಸಿಗುವುದು ಮುಂದಿನ ಟ್ಯೂಬ್ ಬಿಸಿ ಮಾಡಿ ಬಿಟ್ಟ ಗಾಳಿ. 36ಕ್ಕೆ ಒಳಬಂದ ಗಾಳಿ ಕೋರಿನ ನಡುವಿಗೆ 60 ಆಗಿದೆ ಎಂದಿಟ್ಟುಕೊಳ್ಳಿ, 95ರ ನೀರಿಗೆ ಮುಂದೆ 59 ಡಿಗ್ರಿ ಅಂತರವಿದ್ದರೆ ಹಿಂದಿನ ಅರ್ಧಕ್ಕೆ ಉಳಿದದ್ದು 35. ಹಾಗಾಗಿ ಎರಡು ಪಟ್ಟು ದಪ್ಪಕ್ಕೆ ಎರಡು ಪಟ್ಟು ಫಲ ಎಂದೂ ಬರುವುದಿಲ್ಲ. ಈ ವರ್ಗದ ಕಾರುಗಳಲ್ಲಿ ಕಂಪನಿ ಕೋರು ಸಾಮಾನ್ಯವಾಗಿ 16 ಮಿಲಿಮೀಟರಿನ ಸುತ್ತಮುತ್ತ ಇರುತ್ತದೆ. ನಿಮ್ಮ ಎಂಜಿನ್ನಿಗೆ 26ರಿಂದ 32 ಸಾಕು ಎನ್ನುವುದು ನನ್ನ ಅಭಿಪ್ರಾಯ. 50ರ ಕೋರು ಹಾಕಿದರೆ ಫ್ಯಾನಿಗೂ ಎಂಜಿನ್ನಿಗೂ ನಡುವೆ ಕೈ ತೂರಿಸಲು ಜಾಗವಿರುವುದಿಲ್ಲ. ಫಿನ್ ತೀರಾ ಒತ್ತೊತ್ತಾಗಿರುವುದನ್ನೂ ತೆಗೆದುಕೊಳ್ಳಬೇಡಿ, ನಮ್ಮ ಧೂಳಿಗೆ ಅದು ಬಾಳುವುದಿಲ್ಲ.

ತಾಮ್ರದ ಕೋರೋ ಅಲ್ಯೂಮಿನಿಯಮ್ಮೋ ಎಂದರೆ, ತಾಮ್ರ ಶಾಖ ಚೆನ್ನಾಗಿ ದಾಟಿಸುತ್ತದೆ, ಯಾವ ಊರಲ್ಲಾದರೂ ಬೆಸುಗೆ ಹಾಕಿಸಬಹುದು, ಆದರೆ ಭಾರ. ಅಲ್ಯೂಮಿನಿಯಂನಲ್ಲಿ ಟ್ಯೂಬನ್ನು ಅಗಲವಾಗಿ ಮಾಡಬಹುದು, ಫಿನ್ನಿಗೆ ಹೆಚ್ಚು ಅಂಟಿಕೊಳ್ಳುತ್ತದೆ, ಹಗುರ. ಟ್ರ್ಯಾಕ್‌ಗೆ ಅಲ್ಯೂಮಿನಿಯಂ ಸರಿ. ಯಾವುದೇ ಆಗಲಿ, ಕೊಳ್ಳುವ ಮುಂಚೆ ಅಂಗಡಿಯಲ್ಲೇ ನೀರಿನ ತೊಟ್ಟಿಗೆ ಮುಳುಗಿಸಿ, ಎರಡು ಬಾಯಿ ಮುಚ್ಚಿ ಗಾಳಿ ತುಂಬಿಸಿ ನೋಡಿ. ಒಂದೇ ಒಂದು ಗುಳ್ಳೆ ನೂಲಿನಂತೆ ಎದ್ದರೂ ಬೇಡ ಅನ್ನಿ. ಕೂರಿಸುವಾಗ ಮೇಲೆ ಕೆಳಗೆ ರಬ್ಬರ್ ಬುಷ್ ಇರಲೇಬೇಕು. ಬಾಡಿಗೆ ಗಟ್ಟಿಯಾಗಿ ಬೋಲ್ಟ್ ಮಾಡಿದರೆ ಬಾಡಿ ತಿರುಚಿದಾಗಲೆಲ್ಲ ಟ್ಯಾಂಕಿನ ಮೂಲೆ ಬಿರುಕು ಬಿಡುತ್ತದೆ.

ಥರ್ಮೋಸ್ಟಾಟ್ ಕಿತ್ತು ಬಿಸಾಡಿ ಎಂದು ಹೇಳುವವರು ಸಿಗುತ್ತಾರೆ, ಕೇಳಬೇಡಿ. ಕೆಲವು ಎಂಜಿನ್ನುಗಳಲ್ಲಿ ಅದಿಲ್ಲದಿದ್ದರೆ ಬೈಪಾಸ್ ತೆರೆದೇ ಉಳಿದು, ಒಂದಿಷ್ಟು ಬಿಸಿ ನೀರು ರೇಡಿಯೇಟರನ್ನು ಮುಟ್ಟದೆ ಎಂಜಿನ್ನಿಗೇ ವಾಪಸು ಹೋಗುತ್ತದೆ. ರೇಡಿಯೇಟರಿನ ಮುಚ್ಚಳ ಹೊಸದು ಹಾಕಿ. 0.9 (ಬಾರ್) ಎಂದು ಬರೆದ ಮುಚ್ಚಳ ಒತ್ತಡವನ್ನು ಸರಿಯಾಗಿ ಹಿಡಿದರೆ ಬರೀ ನೀರೂ 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಸ್ಪ್ರಿಂಗ್ ಸತ್ತಿದ್ದರೆ 100ಕ್ಕೇ ಕುದಿಯುತ್ತದೆ. ಟ್ರ್ಯಾಕ್‌ಗೆ ಶುದ್ಧ ನೀರು ಮತ್ತು ತುಕ್ಕು ತಡೆಯುವ ದ್ರವ ಸಾಕು. ನೀರಿಗೆ ಶಾಖ ಹೊರುವ ಶಕ್ತಿ ಗ್ಲೈಕಾಲ್ ಕೂಲೆಂಟಿಗಿಂತ ಹೆಚ್ಚು. ಗ್ಲೈಕಾಲ್ ಟ್ರ್ಯಾಕ್ ಮೇಲೆ ಚೆಲ್ಲಿದರೆ ಹಿಂದೆ ಬರುವವರು ಜಾರುತ್ತಾರೆ, ಅದಕ್ಕೇ ಎಷ್ಟೋ ಕಡೆ ಅದನ್ನು ಬಿಡುವುದಿಲ್ಲ. ನೀರು ತುಂಬಿಸುವಾಗ ಕಾರಿನ ಮೂತಿ ಏರಿಗೆ ನಿಲ್ಲಿಸಿ, ಹೀಟರ್ ತೆರೆದಿಟ್ಟು ಗಾಳಿ ಪೂರ್ತಿ ಹೋಗುವವರೆಗೆ ಬಿಡಿ.

ಇನ್ನೊಂದು, ಇದಕ್ಕೆ ದಯವಿಟ್ಟು ಗಮನ ಕೊಡಿ. ಆ ಎಂಜಿನ್ನಿನ ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ, ಅತಿ ಬಿಸಿ ತಡೆಯುವುದಿಲ್ಲ. ಕೆಂಪು ಗೆರೆ ಮುಟ್ಟಿಸಿ ಆಗಿದೆ ಅಂದಿರಿ. ಬ್ಲಾಕಿಗೂ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಈಗಾಗಲೇ ಸೋರುತ್ತಿದ್ದರೆ ಯಾವ ರೇಡಿಯೇಟರೂ ಉಪಯೋಗಕ್ಕೆ ಬರುವುದಿಲ್ಲ. ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲದೆ ಬರುತ್ತಿದೆಯೇ ನೋಡಿ. ಅನುಮಾನ ಬಂದರೆ ನೀಲಿ ದ್ರವದ ಪರೀಕ್ಷೆ ಮಾಡಿಸಿ, ಹೊಗೆಯ ಅನಿಲ ನೀರಿಗೆ ಸೇರುತ್ತಿದ್ದರೆ ಆ ದ್ರವ ಹಳದಿಗೆ ತಿರುಗುತ್ತದೆ. ಮುಂದಿನ ಸಲ ನೀರು 105 ದಾಟಿದ ಕೂಡಲೇ ಆ ಸುತ್ತನ್ನು ಬಿಟ್ಟು, ಮೇಲಿನ ಗೇರಿನಲ್ಲಿ ನಿಧಾನ ಒಂದು ಸುತ್ತು ಹಾಕಿ ಒಳಗೆ ಬನ್ನಿ. ಪಿಟ್ಟಿನಲ್ಲಿ ಫ್ಯಾನ್ ಓಡುತ್ತಿರಲಿ, ಮುಚ್ಚಳಕ್ಕೆ ಕೈ ಹಾಕಬೇಡಿ.

ಮೇಲಿನ ಹೋಸ್, ಕೆಳಗಿನ ಹೋಸ್, ಕೋರಿನ ಮುಂದಿನ ಗಾಳಿ, ಹಿಂದಿನ ಗಾಳಿ, ಆವತ್ತಿನ ಹವೆ. ಈ ಐದು ಅಂಕಿಗಳನ್ನು ಇಲ್ಲೇ ಕೆಳಗೆ ಬರೆಯಿರಿ, ಜೊತೆಗೆ ಬಂಪರ್ ಬಿಚ್ಚಿದ ಒಂದು ಫೋಟೋ ಹಾಕಿ. ಕೋರು ಎಷ್ಟು ಅಗಲ, ಎಷ್ಟು ದಪ್ಪ ಎಂದು ಆಗ ಅಳತೆ ಸಮೇತ ಹೇಳುತ್ತೇನೆ.