ಕಡಲು ತಾನೇ ತೊಳೆದುಕೊಳ್ಳುತ್ತದೆಯೇ?

ಪ್ರಶ್ನೆ: ಹಡಗು ಒಡೆದು ಎಣ್ಣೆ ಚೆಲ್ಲಿದರೆ ನಾಲ್ಕಾರು ವರ್ಷ ಅಷ್ಟೇ, ಆಮೇಲೆ ಕಡಲು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಎನ್ನುತ್ತಾರೆ ನಮ್ಮ ಮಾವ. ಅವರು ಬೋಟಿನಲ್ಲಿ ದುಡಿದವರು. ನಿಜವೇ ಸರ್?
– ಓದುಗರೊಬ್ಬರು, ಮಲ್ಪೆ

ಉತ್ತರ: ನಿಮ್ಮ ಮಾವ ಹೇಳುವುದು ಅರ್ಧ ಸರಿ. ನಡುಗಡಲಲ್ಲಿ ತೇಲುವ ಎಣ್ಣೆಯ ಹಗುರ ಅಂಶ ಆವಿಯಾಗಿ ಹೋಗುತ್ತದೆ, ಅಲೆಗಳು ಉಳಿದದ್ದನ್ನು ಚೂರು ಮಾಡುತ್ತವೆ, ಬ್ಯಾಕ್ಟೀರಿಯಾ ತಿನ್ನುತ್ತವೆ. ತಾಪತ್ರಯ ಇರುವುದು ದಡ ಹತ್ತಿದ ಎಣ್ಣೆಯದು.

1989ರ ಮಾರ್ಚ್ 24ರಂದು ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಚೆಲ್ಲಿತು. ದಡಗಳಿಗೆ ಪೈಪು ಹಿಡಿದು ರಭಸದ ಬಿಸಿನೀರು ಹೊಡೆದರು. ಕಲ್ಲು ಫಳಫಳ ಹೊಳೆಯಿತು. ಕಲ್ಲಿಗಂಟಿದ್ದ ಪಚ್ಚಿಲೆ, ಪಾಚಿ ಬೆಂದುಹೋದವು. ತೊಳೆಯದೆ ಬಿಟ್ಟ ಎಷ್ಟೋ ಕಡೆ ಜೀವ ಬೇಗ ಮರಳಿತು. ಟಿವಿ ಕ್ಯಾಮೆರಾಗಳ ಮುಂದೆ ಸುಮ್ಮನೆ ಕೂರುವ ಧೈರ್ಯ ಯಾರಿಗಿರುತ್ತದೆ ಹೇಳಿ.

2001ರಲ್ಲಿ ವಿಜ್ಞಾನಿಗಳು ಅದೇ ತೀರದಲ್ಲಿ ಸಾವಿರಾರು ಗುಂಡಿ ತೋಡಿ ನೋಡಿದರು. ಪರೀಕ್ಷಿಸಿದ ದಡಗಳಲ್ಲಿ ಅರ್ಧಕ್ಕೂ ಹೆಚ್ಚು ಕಡೆ ಎಣ್ಣೆ ಸಿಕ್ಕಿತು. ಕೆಲವು ಗುಂಡಿಗಳಲ್ಲಂತೂ ಇನ್ನೂ ದ್ರವವಾಗಿಯೇ ಇತ್ತು, ವಾಸನೆ ಸಮೇತ. ಜಲ್ಲಿಯಡಿ ಹೂತ ಎಣ್ಣೆಗೆ ಅಲೆ ತಾಗುವುದಿಲ್ಲ. ಆಮ್ಲಜನಕ ಸಾಲದೆ ಬ್ಯಾಕ್ಟೀರಿಯಾಗಳ ಕೆಲಸವೂ ಸಾಗುವುದಿಲ್ಲ. (ನಿಮ್ಮೂರಿನ ತೀರಕ್ಕೆ ಡಾಂಬರಿನಂಥ ಉಂಡೆಗಳು ಬಂದು ಬಿದ್ದಾಗ ಮರಳಲ್ಲಿ ಹೂತು ಕೈತೊಳೆದುಕೊಳ್ಳಬೇಡಿ ಎನ್ನುವುದು ಇದಕ್ಕೇ.)

ಮೇಲೆ ನಿಂತು ನೋಡುವ ನಮಗೆ ಆ ದಡ ಚೊಕ್ಕಟ. ಕಡಲ ನೀರುನಾಯಿಗೆ ಹಾಗಲ್ಲ. ಅದು ಮುಳುಗಿ, ಮುಂಗಾಲಿನಿಂದ ತಳ ಕೆದಕಿ ಮರುವಾಯಿ ಹೆಕ್ಕಿ ತಿನ್ನುವ ಪ್ರಾಣಿ. ಕೆದಕಿದಾಗೆಲ್ಲ ಹಳೆಯ ಎಣ್ಣೆ ಮೈಗೆ, ಹೊಟ್ಟೆಗೆ. ಅವುಗಳ ಸಂಖ್ಯೆ ಮೊದಲಿನಂತಾಗಲು ಸುಮಾರು 25 ವರ್ಷ ಹಿಡಿಯಿತು. ಹೆರಿಂಗ್ ಮೀನು, ನಮ್ಮ ಬೂತಾಯಿಯ ಕುಲದ್ದೇ, 1993ರಲ್ಲಿ ಒಮ್ಮೆಲೇ ಕುಸಿದು ಇಂದಿಗೂ ಚೇತರಿಸಿಕೊಂಡಿಲ್ಲ. ಅದಕ್ಕೆ ಎಣ್ಣೆಯೋ, ರೋಗವೋ, ಎರಡೂವೋ ಎಂಬ ವಾದ ಮುಗಿದಿಲ್ಲ. ಎಣ್ಣೆಯೊಂದೇ ಕಾರಣವೆಂದು ನಾನು ಆಣೆ ಮಾಡಲಾರೆ. ಎಟಿ1 ಎಂದು ಗುರುತಿಸುವ ಓರ್ಕಾ ತಿಮಿಂಗಿಲಗಳ ಗುಂಪಿನಲ್ಲಿದ್ದದ್ದು 22. ಸೋರಿಕೆಯ ಬೆನ್ನಿಗೇ 9 ಕಾಣೆಯಾದವು. 1984ರ ನಂತರ ಆ ಗುಂಪಿನಲ್ಲಿ ಮರಿ ಉಳಿದಿಲ್ಲ. ಉಳಿದವು ಮುದಿಯಾಗುತ್ತಿವೆ, ಅಷ್ಟೇ.

ಇದು ಹಡಗಿನ ಕತೆಯಾಯಿತು. ಕಡಲ ತಳದ ಬಾವಿಯೇ ಬಾಯಿಬಿಟ್ಟರೆ? 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲಬಾವಿ ಕೊರೆಯುವ ತೇಲುಕಟ್ಟೆ ಸ್ಫೋಟಿಸಿ 11 ಕಾರ್ಮಿಕರು ಸತ್ತರು. ಸುಮಾರು 1,500 ಮೀಟರ್ ಆಳದಿಂದ 87 ದಿನ ಎಣ್ಣೆ ಚಿಮ್ಮಿತು. ಬಾವಿಯಿಂದ 11 ಕಿ.ಮೀ. ದೂರದಲ್ಲಿ, ಬೆಳಕೇ ಇಳಿಯದ ಆಳದಲ್ಲಿ, ಹವಳಗಳ ಮೇಲೆ ಕಂದು ಲೋಳೆ ಕೂತದ್ದು ಕಂಡಿತು. ಇಂಥ ಹವಳಗಳು ನೂರಾರು ವರ್ಷ ಬದುಕುವಂಥವು, ಬೆಳೆಯುವುದೂ ಅಷ್ಟೇ ನಿಧಾನ. ಮುರಿದ ಕೊಂಬೆಯ ಜಾಗದಲ್ಲಿ ಹೊಸದು ಚಿಗುರಬೇಕಾದರೆ ನಾಲ್ಕಾರು ವರ್ಷದ ಲೆಕ್ಕ ಸಾಲದು ಎಂದು ಮಾವನಿಗೆ ತಿಳಿಸಿ.